ಸೀಡಿ ‘ಸೊಟ್ಟ’ ಎಂದರೆ ಯಾವ ಸೊಟ್ಟ? ಡೊಂಕು, ನಡುತಪ್ಪು, ತೂಕತಪ್ಪು ಪದಗಳ ಬಗ್ಗೆ ಒಂದು ಕೇಳಿಕೆ

ಎಲ್ಲರಿಗೂ ನಮಸ್ಕಾರ.

ಮಂಡ್ಯ, ಮಳವಳ್ಳಿ, ಕೊಳ್ಳೇಗಾಲದ ಕಡೆಯ ನೀಲಗಾರರು ಹಾಡಿದ ಮಂಟೇಸ್ವಾಮಿ ಕಥೆ, ಕಂಸಾಳೆಯ ದೇವರಗುಡ್ಡರು ಹಾಡಿದ ಮಾದಪ್ಪನ ಕಥೆಗಳ ಹಳೆಯ ಸೀಡಿಗಳನ್ನು ಮೈಸೂರಿನಲ್ಲಿ ನಾವು ಕೆಲವರು ಸೇರಿ ಹಾರ್ಡ್ ಡಿಸ್ಕಿಗೆ ಇಳಿಸುತ್ತಿದ್ದೇವೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗಾಗಿ ಕನ್ನಡದಲ್ಲೇ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಸಪಾಟಾಗಿಲ್ಲದ ತಟ್ಟೆಯನ್ನು ಡ್ರೈವ್ ಹೇಗೆ ಪತ್ತೆ ಹಚ್ಚುತ್ತದೆ ಎಂಬ ಅಧ್ಯಾಯಕ್ಕೆ ಬಂದು ಬರವಣಿಗೆ ನಿಂತಿದೆ. ಕಾರಣ, ಪದ.

ತೊಂದರೆ ಕೊಡುವ ಸೀಡಿಯ ಡಬ್ಬಿಗೆ ನಾವು ಚೀಟಿ ಅಂಟಿಸುತ್ತೇವೆ. ಮುಕ್ಕಾಲು ಪಾಲು ಚೀಟಿಗಳ ಮೇಲೆ ಇರುವುದು ಒಂದೇ ಮಾತು: ‘ಸೊಟ್ಟ’. ಅದನ್ನು ಓದಿದ ಇನ್ನೊಬ್ಬರು ಸೀಡಿಯನ್ನು ಗಾಜಿನ ಮೇಲಿಟ್ಟು ನೋಡುತ್ತಾರೆ. ಸಪಾಟಾಗಿಯೇ ಕೂರುತ್ತದೆ. ಚೀಟಿ ತಪ್ಪು ಅಂದುಕೊಂಡು ಕಿತ್ತುಹಾಕುತ್ತಾರೆ. ಆದರೆ ಚೀಟಿ ಬರೆದವರು ಕಂಡಿದ್ದ ತೊಂದರೆ ನಿಜವೇ. ಸೀಡಿಯ ಬೆನ್ನಿಗೆ ಅಂಟಿಸಿದ ಹೆಸರಿನ ಕಾಗದ ಒಂದು ಪಕ್ಕಕ್ಕೆ ಸರಿದು ಕೂತಿತ್ತು, ಜೋರಾಗಿ ತಿರುಗಿದಾಗ ಡ್ರೈವ್ ಅದುರುತ್ತಿತ್ತು. ತಟ್ಟೆಯ ಆಕಾರದಲ್ಲಿ ಏನೂ ಊನವಿರಲಿಲ್ಲ. ಅಂದರೆ ತಟ್ಟೆ ಸಪಾಟಾಗಿಲ್ಲದಿರುವುದು, ರಂಧ್ರ ನಡುವಿನಲ್ಲಿಲ್ಲದಿರುವುದು, ತೂಕ ಒಂದು ಕಡೆ ಹೆಚ್ಚಿರುವುದು ಎಂಬ ಬೇರೆ ಬೇರೆ ಮೂರು ದೋಷಗಳನ್ನು ನಾವು ಒಂದೇ ಪದದ ಕೆಳಗೆ ತಳ್ಳುತ್ತಿದ್ದೇವೆ. ಮೂರಕ್ಕೂ ಡ್ರೈವ್ ಹಾಕುವ ಪರೀಕ್ಷೆ ಬೇರೆ, ನಾವು ಮಾಡಬೇಕಾದ ಉಪಾಯವೂ ಎಲ್ಲಕ್ಕೂ ಒಂದೇ ಅಲ್ಲ. ಅದಕ್ಕೇ ಮೂರು ಪದ ಬೇಕು.

ಸೀಡಿಗೆ ‘ಸಾಂದ್ರಮುದ್ರಿಕೆ’ ಎನ್ನಬೇಕೇ ಎಂಬ ಚರ್ಚೆಗೆ ನಾನು ಹೋಗುತ್ತಿಲ್ಲ. ಬಿಡುಗಡೆ ಸಮಾರಂಭದ ಆಹ್ವಾನಪತ್ರಿಕೆಯಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಕೆಲಸದ ಮೇಜಿನ ಹತ್ತಿರ ಎಲ್ಲರೂ ಅನ್ನುವುದು ಸೀಡಿ. ಅದರ ಆಕಾರದ ಮಾತು ಬಂದಾಗ ತಟ್ಟೆ ಅಂದರೆ ಸಾಕು.

ಮೊದಲು ವಿಷಯ ಹೇಳಿಬಿಡುತ್ತೇನೆ, ವಿಷಯ ತಿಳಿಯದೆ ಪದ ಆರಿಸುವುದು ಕಷ್ಟ. ಸೀಡಿ ಎಂದರೆ 12 ಸೆಂಟಿಮೀಟರ್ ಅಗಲ, 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ತಟ್ಟೆ. ಡ್ರೈವಿನಲ್ಲಿ ಕೆಳಗಿನಿಂದ 780 ನ್ಯಾನೊಮೀಟರ್ ತರಂಗದ ಲೇಸರ್ ಬೆಳಕು ಒಂದು ಪುಟ್ಟ ಮಸೂರದ ಮೂಲಕ ಹಾದು, ತಟ್ಟೆಯೊಳಗೆ ಹಾಡು ಗುರುತುಗಳಾಗಿ ದಾಖಲಾಗಿರುವ ಹೊಳಪಿನ ಪದರದ ಮೇಲೆ ಚುಕ್ಕಿಯಾಗಿ ಬೀಳಬೇಕು. ಆ ಚುಕ್ಕಿ ಸ್ಫುಟವಾಗಿ ಉಳಿಯಲು ಇರುವ ಅವಕಾಶ ಮೇಲಕ್ಕೆ ಸುಮಾರು 2 ಮೈಕ್ರೊಮೀಟರ್, ಕೆಳಕ್ಕೆ ಅಷ್ಟೇ. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರೊಮೀಟರ್. ಇಷ್ಟು ಸಪಾಟಾದ ಪ್ಲಾಸ್ಟಿಕ್ ತಟ್ಟೆಯನ್ನು ಯಾರಿಂದಲೂ ಮಾಡಲಾಗದು. ಹೊಸ ಸೀಡಿಯೂ ಇದಕ್ಕಿಂತ ಹತ್ತಾರು ಪಟ್ಟು ಹೆಚ್ಚು ಏರಿಳಿಯುತ್ತದೆ. ಹಾಗಾಗಿ ಮಸೂರವನ್ನೇ ಒಂದು ತಂತಿಸುರುಳಿಗೆ ಕಟ್ಟಿ ತೂಗುಬಿಟ್ಟಿರುತ್ತಾರೆ. ಸುರುಳಿಯಲ್ಲಿ ವಿದ್ಯುತ್ ಹೆಚ್ಚು ಕಡಿಮೆ ಮಾಡಿದರೆ ಮಸೂರ ಏರುತ್ತದೆ, ಇಳಿಯುತ್ತದೆ.

ಎಷ್ಟು ಏರಬೇಕು ಎಂದು ಅದಕ್ಕೆ ತಿಳಿಯುವ ಬಗೆ ಬಹಳ ಚೆಂದ. ಮರಳಿ ಬಂದ ಬೆಳಕು ನಾಲ್ಕು ಭಾಗ ಮಾಡಿದ ಒಂದು ಬೆಳಕುಗ್ರಾಹಿಯ ಮೇಲೆ ಬೀಳುತ್ತದೆ. ದಾರಿಯಲ್ಲಿ ಒಂದು ಉರುಳೆಯಾಕಾರದ ಮಸೂರವಿರುತ್ತದೆ. ತಟ್ಟೆ ಸರಿಯಾದ ದೂರದಲ್ಲಿದ್ದರೆ ಚುಕ್ಕಿ ದುಂಡಗೆ ಬಿದ್ದು ನಾಲ್ಕೂ ಭಾಗಕ್ಕೆ ಸಮವಾಗಿ ಹಂಚಿಹೋಗುತ್ತದೆ. ಹತ್ತಿರವಾದರೆ ಚುಕ್ಕಿ ಒಂದು ಕರ್ಣದ ಕಡೆಗೆ ಉದ್ದವಾಗುತ್ತದೆ, ದೂರವಾದರೆ ಇನ್ನೊಂದು ಕರ್ಣದ ಕಡೆಗೆ. ಎದುರುಬದುರು ಭಾಗಗಳನ್ನು ಕೂಡಿ, ಒಂದು ಜೋಡಿಯಿಂದ ಇನ್ನೊಂದನ್ನು ಕಳೆದರೆ ಸೊನ್ನೆ ಬಂದಾಗ ದೂರ ಸರಿಯಿದೆ ಎಂದರ್ಥ. ಸೊನ್ನೆ ಬಾರದಿದ್ದರೆ ಬರುವ ವರೆಗೂ ಮಸೂರ ಸರಿಯುತ್ತದೆ.

ಇಲ್ಲಿ ಗಮನಿಸಬೇಕಾದದ್ದು, ಡ್ರೈವಿಗೆ ತಟ್ಟೆಯ ಆಕಾರ ಕಾಣುವುದೇ ಇಲ್ಲ. ತನ್ನ ಮಸೂರ ಎಷ್ಟು ಏರಿಳಿಯಬೇಕಾಯಿತು ಎಂಬುದಷ್ಟೇ ಗೊತ್ತಾಗುತ್ತದೆ. ಸೀಡಿ ಹಾಕಿದ ಕೂಡಲೇ ನಿಧಾನಕ್ಕೆ ತಿರುಗಿಸಿ, ಒಂದು ಸುತ್ತಿನಲ್ಲಿ ಸುರುಳಿಯ ವಿದ್ಯುತ್ತಿನ ಗರಿಷ್ಠಕ್ಕೂ ಕನಿಷ್ಠಕ್ಕೂ ಎಷ್ಟು ಅಂತರ ಎಂದು ಅಳೆಯುತ್ತದೆ. ಒಳಸುತ್ತಿನಲ್ಲಿ ಒಮ್ಮೆ, ಹೊರಸುತ್ತಿನಲ್ಲಿ ಒಮ್ಮೆ ಅಳೆಯುವ ಡ್ರೈವುಗಳೂ ಇವೆ. ಅಂತರ ಮಿತಿ ಮೀರಿದರೆ ಈ ತಟ್ಟೆಗೆ ಹೆಚ್ಚಿನ ವೇಗ ಬೇಡ ಎಂದು ತೀರ್ಮಾನಿಸುತ್ತದೆ. ಹೊರಗೆ ಏನನ್ನೂ ತಿಳಿಸುವುದಿಲ್ಲ. ಮುಂದೆ ಕೂತವರು ಡ್ರೈವ್ ಹಳೆಯದಾಯಿತು ಎಂದು ಬೈದುಕೊಳ್ಳುತ್ತಾರೆ.

ವೇಗ ಯಾಕೆ ಇಳಿಸಬೇಕು ಎಂಬುದಕ್ಕೆ ಲೆಕ್ಕ ನೋಡಿ. ಹಾಡು ಕೇಳಿಸುವ ಸಾದಾ ಪ್ಲೇಯರಿನಲ್ಲಿ ತಟ್ಟೆ ಹೊರಸುತ್ತಿನಲ್ಲಿ ನಿಮಿಷಕ್ಕೆ ಸುಮಾರು 200 ಸಲ ತಿರುಗುತ್ತದೆ. 52 ಪಟ್ಟು ವೇಗದ ಕಂಪ್ಯೂಟರ್ ಡ್ರೈವಿನಲ್ಲಿ ಸುಮಾರು 10,000 ಸಲ. ತಿರುಗು ಐವತ್ತು ಪಟ್ಟು ಆದರೆ ಮಸೂರವನ್ನು ಏರಿಸಿ ಇಳಿಸಲು ಬೇಕಾಗುವ ಬಲ ಐವತ್ತು ಪಟ್ಟಲ್ಲ, 2500 ಪಟ್ಟು. ತಟ್ಟೆಯ ಅಂಚು ಮೇಲಕ್ಕೂ ಕೆಳಕ್ಕೂ 0.3 ಮಿಲಿಮೀಟರ್ ಆಡುತ್ತಿದೆ ಅಂದುಕೊಳ್ಳಿ. 200 ಸುತ್ತಿನಲ್ಲಿ ಮಸೂರಕ್ಕೆ ಅದು ಏನೇನೂ ಅಲ್ಲ. 10,000 ಸುತ್ತಿನಲ್ಲಿ ಬೇಕಾಗುವ ವೇಗೋತ್ಕರ್ಷ ಭೂಮಿಯ ಗುರುತ್ವದ ಮೂವತ್ತು ಪಟ್ಟನ್ನೂ ಮೀರುತ್ತದೆ. ಅಷ್ಟರಲ್ಲಿ ಚುಕ್ಕಿ ಕದಡಿಹೋಗಿರುತ್ತದೆ.

ಈಗ ಪದಕ್ಕೆ ಬರೋಣ. ತಟ್ಟೆ ಸಪಾಟು ಕಳೆದುಕೊಂಡಿರುವುದಕ್ಕೆ ನನ್ನ ಆಯ್ಕೆ ‘ಡೊಂಕು’. ಹಾವಿನ ನಡೆ ಡೊಂಕು, ಹೊಳೆಯ ಹರಿವು ಡೊಂಕು ಎನ್ನುವಾಗ ಅದು ಗೆರೆಯ ಡೊಂಕು, ಮೈಯ ಡೊಂಕಲ್ಲ ಎಂದು ಯಾರಾದರೂ ಹೇಳಬಹುದು. ಆದರೆ ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬ ಗಾದೆಯಲ್ಲಿ ಡೊಂಕಾಗಿರುವುದು ಹರವಾದ ನೆಲವೇ. ಗೆರೆಗೂ ಹರವಿಗೂ ಸಲ್ಲುವ ಪದ ಎಲ್ಲರ ಬಾಯಲ್ಲೂ ಇರುವಾಗ ಹೊಸದನ್ನು ಕಟ್ಟಬೇಕೇಕೆ?

‘ಸೊಟ್ಟ’ವನ್ನು ನಾನು ಬಿಡುವುದು ಅದು ತೀರಾ ಅಗಲವಾಗಿರುವುದರಿಂದ. ಮೊಳೆ ಸೊಟ್ಟ, ಅಕ್ಷರ ಸೊಟ್ಟ, ಮುಖ ಸೊಟ್ಟ. ‘ಬಾಗು’ ಹತ್ತಿರ ಬರುತ್ತದೆ, ಆದರೆ ಬಾಗಿದ್ದು ಒಂದೇ ದಿಕ್ಕಿಗೆ ಬಾಗಿರುತ್ತದೆ ಎಂಬ ಭಾವ ಅದರಲ್ಲಿದೆ. ‘ಮುರುಟು’ ನನಗೆ ಬಲು ಇಷ್ಟವಾದ ಪದ, ಮೆಣಸಿನ ಗಿಡದ ಎಲೆ ಮುರುಟು ರೋಗ ಅಂದರೆ ಕಣ್ಣಿಗೆ ಕಟ್ಟುತ್ತದೆ. ಆದರೆ ಮುರುಟಿದ್ದು ಕುಗ್ಗಿರುತ್ತದೆ, ಸೀಡಿ ಕುಗ್ಗುವುದಿಲ್ಲ. ‘ನೆಗ್ಗು’ ಒಂದು ಜಾಗದ ಪೆಟ್ಟು. ಸೈಕಲ್ ಅಂಗಡಿಯ ‘ಬೆಂಡ್’ ಅರ್ಥದಲ್ಲಿ ಎಲ್ಲಕ್ಕಿಂತ ಸರಿಹೊಂದುತ್ತದೆ. ಚಕ್ರ ತಿರುಗಿಸಿ, ರಿಮ್ಮಿನ ಪಕ್ಕಕ್ಕೆ ಸೀಮೆಸುಣ್ಣ ಹಿಡಿದು, ಎಲ್ಲಿ ತಗುಲುತ್ತದೋ ಅಲ್ಲಿಯ ಕಡ್ಡಿ ಬಿಗಿ ಮಾಡಿ ಬೆಂಡ್ ತೆಗೆಯುತ್ತಾರಲ್ಲ, ಡ್ರೈವ್ ಅಳೆಯುವುದೂ ಆ ಆಟವನ್ನೇ. ಆದರೆ ಅಲ್ಲಿ ಆಕ್ಸಲ್ ಬಾಗಿದರೂ ಬೆಂಡ್, ಹ್ಯಾಂಡಲ್ ಬಾಗಿದರೂ ಬೆಂಡ್. ಬರೆಯುವಾಗ ಹಗುರವಾದ ನಮ್ಮ ಬೆಂಡಿನ ಜೊತೆಗೂ ಸಿಕ್ಕಿಕೊಳ್ಳುತ್ತದೆ.

ಡೊಂಕಿನೊಳಗೇ ಬಗೆಗಳಿವೆ. ಸುತ್ತಲೂ ಅಂಚು ಒಂದೇ ಸಮ ಕೆಳಗಿಳಿದಿದ್ದರೆ ಒಂದು ಸುತ್ತಿನಲ್ಲಿ ಮಸೂರಕ್ಕೆ ಏರಿಳಿತವೇ ಇರುವುದಿಲ್ಲ. ಒಳಗಿನಿಂದ ಹೊರಗೆ ಹೋದಂತೆ ಮಾತ್ರ ಮಟ್ಟ ಬದಲಾಗುತ್ತದೆ. ಇದನ್ನು ‘ಕೊಡೆಡೊಂಕು’ ಅನ್ನಬಹುದೆನಿಸುತ್ತದೆ. ಇನ್ನೊಂದು, ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಎದುರುಬದುರಿನ ಎರಡು ಕಡೆ ಎದ್ದು ಉಳಿದೆರಡು ಕಡೆ ತಗ್ಗುವುದು. ಆಗ ಒಂದೇ ಸುತ್ತಿನಲ್ಲಿ ಮಸೂರ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಅದಕ್ಕೆ ‘ಹಪ್ಪಳಡೊಂಕು’ ಎಂದು ಬರೆದಿದ್ದೇನೆ. ಕೇಳಿದ ಕೂಡಲೇ ಹುಡುಗರಿಗೆ ಹೊಳೆಯಿತು.

ಡೊಂಕಿನ ಜೊತೆ ಬೆರೆಸಬಾರದ ಇನ್ನೊಂದು ಮಾತು ಓರೆ. ಡೊಂಕು ಇಡೀ ತಟ್ಟೆಯ ಆಕಾರ. ಬೆಳಕು ಬೀಳುವ ಆ ಒಂದು ಜಾಗದಲ್ಲಿ ಮೈ ಎಷ್ಟು ಇಳಿಜಾರಾಗಿದೆ ಎಂಬುದು ಓರೆ. ಓರೆ ಹೆಚ್ಚಾದರೆ ದೂರ ಸರಿಯಿದ್ದರೂ ಚುಕ್ಕಿಗೆ ಬಾಲ ಬಂದು ಪಕ್ಕದ ಗುರುತಿನ ಮೇಲೆ ಚೆಲ್ಲುತ್ತದೆ. ಡಿವಿಡಿಯಲ್ಲಿ ಇದರ ಕಾಟ ಹೆಚ್ಚು. ಅದಕ್ಕೆಂದೇ ಅಲ್ಲಿ 0.6 ಮಿಲಿಮೀಟರಿನ ಎರಡು ತಟ್ಟೆಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ, ಬೆಳಕು ಹಾದುಹೋಗುವ ದಪ್ಪವನ್ನು ಅರ್ಧಕ್ಕಿಳಿಸಿದರು. ಡಿವಿಡಿಯ ನಿಯಮದಲ್ಲಿ ನಡುವಿನಿಂದ ಅಂಚಿನ ದಿಕ್ಕಿನ ಓರೆಗೆ 0.8 ಡಿಗ್ರಿ, ಸಾಲಿನ (ಗುರುತುಗಳು ಸುರುಳಿಯಾಗಿ ಸಾಗುವ ಹಾದಿಯ) ದಿಕ್ಕಿನ ಓರೆಗೆ 0.3 ಡಿಗ್ರಿ ಮಿತಿ. ಇವೆರಡಕ್ಕೆ ‘ಅಂಚೋರೆ’, ‘ಸಾಲೋರೆ’ ಎಂದು ಬರೆದು ನೋಡಿದೆ. ಕಿವಿಗೆ ಹಿತವಾಗಿವೆಯೇ, ಹೇಳಿ.

ಎರಡನೆಯ ದೋಷ, ರಂಧ್ರ ನಡುವಿನಲ್ಲಿಲ್ಲದಿರುವುದು. ಸೀಡಿಯ ಸಾಲುಗಳ ನಡುವೆ ಅಂತರ 1.6 ಮೈಕ್ರೊಮೀಟರ್. ನಡು 70 ಮೈಕ್ರೊಮೀಟರ್ ತಪ್ಪಿದರೂ ನಲವತ್ತಕ್ಕೂ ಹೆಚ್ಚು ಸಾಲುಗಳಷ್ಟು ಸರಿದಂತೆ. ಸಾಲು ಹಿಡಿಯುವ ವ್ಯವಸ್ಥೆಯನ್ನು ನಿಲ್ಲಿಸಿ, ಒಂದು ಸುತ್ತಿನಲ್ಲಿ ಎಷ್ಟು ಸಾಲುಗಳು ಚುಕ್ಕಿಯನ್ನು ದಾಟಿಹೋದವು ಎಂದು ಎಣಿಸಿದರೆ ಡ್ರೈವಿಗೆ ಇದು ಗೊತ್ತಾಗುತ್ತದೆ. ‘ಉತ್ಕೇಂದ್ರತೆ’ ಇಲ್ಲಿ ಬೇಡ. ಶಾಲೆಯಲ್ಲಿ ಮಕ್ಕಳು ಅದನ್ನು ದೀರ್ಘವೃತ್ತದ ಜೊತೆ ಕಲಿಯುತ್ತಾರೆ, ಇಲ್ಲಿ ವೃತ್ತ ವೃತ್ತವೇ, ಜಾಗ ಮಾತ್ರ ತಪ್ಪಿದೆ. ‘ನಡುತಪ್ಪು’ ಸಾಕು.

ಮೂರನೆಯದು ತೂಕದ್ದು. ‘ಅಸಮತೋಲನ’ ಪತ್ರಿಕೆಗಳಲ್ಲಿ ಪ್ರಾದೇಶಿಕ ಅಸಮತೋಲನದಿಂದ ಹಿಡಿದು ಎಲ್ಲದಕ್ಕೂ ಬಳಕೆಯಾಗಿ ಸವೆದಿದೆ. ‘ತೂಕತಪ್ಪು’ ಅಂದರೆ ಕಾರಣವೇ ಹೆಸರಿನಲ್ಲಿದೆ. ನಿಧಾನಕ್ಕೆ ತಿರುಗಿಸಿದರೆ ಇದು ಕಾಣುವುದಿಲ್ಲ, ವೇಗ ಹೆಚ್ಚಿದಂತೆ ಜೋಲಿ ಹೊಡೆಯತೊಡಗುತ್ತದೆ. ನಡುತಪ್ಪಾದರೆ ನಿಧಾನದಲ್ಲೂ ಇದ್ದೇ ಇರುತ್ತದೆ. ಡ್ರೈವ್ ಎರಡು ವೇಗಗಳಲ್ಲಿ ನೋಡಿ ಹೋಲಿಸುವುದರಿಂದ ಎರಡನ್ನೂ ಬೇರ್ಪಡಿಸಬಹುದು.

ಹುಡುಗರಿಗೆ ಕಣ್ಣಿನಿಂದಲೇ ಡೊಂಕು ನೋಡಲು ಕಲಿಸುತ್ತಿರುವ ಬಗೆಯನ್ನೂ ಹೇಳುತ್ತೇನೆ, ಪದ ಅದಕ್ಕೂ ಒಪ್ಪಬೇಕಲ್ಲ. ಸೀಡಿಯ ಹೊಳಪಿನ ಮುಖವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಗೋಡೆಯ ಟ್ಯೂಬ್‌ಲೈಟಿನ ಬಿಂಬ ನೋಡಬೇಕು. ನಿಧಾನವಾಗಿ ತಿರುಗಿಸುತ್ತಾ ಹೋದರೆ ಡೊಂಕಿರುವ ಕಡೆ ಬಿಂಬದ ನೇರಗೆರೆ ಬಳುಕುತ್ತದೆ. ಗಾಜಿನ ಮೇಲಿಟ್ಟು ಅಂಚಿನಡಿ ಅಂಚೆಕಾರ್ಡು ತೂರಿಸುವುದು ಇನ್ನೊಂದು ದಾರಿ. ನಡುವಿನ ಹತ್ತಿರ ಒಂದು ಸಣ್ಣ ಉಂಗುರದ ಉಬ್ಬು ಇರುವುದರಿಂದ ಸುತ್ತಲೂ ತುಸು ಸಂದು ಇರುವುದು ಸಹಜ. ಕಾರ್ಡು ಒಂದು ಕಡೆ ಸಲೀಸಾಗಿ ಹೋಗಿ ಇನ್ನೊಂದು ಕಡೆ ತಡೆದರೆ ಡೊಂಕು. ನಮ್ಮಲ್ಲಿ ಅಂಥ ಸೀಡಿಗಳನ್ನು ಒತ್ತಿ ನೆಟ್ಟಗೆ ಮಾಡಲು ಯಾರಿಗೂ ಬಿಡುವುದಿಲ್ಲ. ಡ್ರೈವಿನ ವೇಗವನ್ನು ನಾವೇ ಕಡಿಮೆಗೆ ಕಟ್ಟಿ ಓದಿಸುತ್ತೇವೆ. ತೂಕತಪ್ಪಿಗೂ ಅದೇ ಮದ್ದು, ನಡುತಪ್ಪಿಗೆ ಒಂದೊಂದು ಸಲ ಬೇರೆ ಡ್ರೈವ್ ಹುಡುಕಬೇಕು.

ಬಲ್ಲವರಲ್ಲಿ ಕೇಳುವುದು ಇಷ್ಟು. ಮೈಸೂರಿನ ಹೂಟಗಳ್ಳಿ, ಹೆಬ್ಬಾಳದ ಲೇತ್ ಅಂಗಡಿಗಳಲ್ಲಿ ದುಡಿದವರು ಇಲ್ಲಿದ್ದರೆ, ತಿರುಗುವ ಜಾಬಿನ ಮುಖಕ್ಕೆ ಡಯಲ್ ಗೇಜ್ ಹಿಡಿದಾಗ ಕಾಣುವ ಆಟಕ್ಕೂ ಅಂಚಿಗೆ ಹಿಡಿದಾಗ ಕಾಣುವ ಆಟಕ್ಕೂ ನಿಮ್ಮಲ್ಲಿ ಬೇರೆ ಬೇರೆ ಮಾತಿದೆಯೇ? ಇದ್ದರೆ ನನ್ನ ಡೊಂಕು, ನಡುತಪ್ಪುಗಳಿಗಿಂತ ಅವೇ ಮೇಲು. ಮಂಡ್ಯ ಸೀಮೆಯಲ್ಲಿ ಕಬ್ಬಿನ ಗಾಡಿಯ ಚಕ್ರ ಮಾಡುತ್ತಿದ್ದ ಆಚಾರರ ಮನೆಯವರು, ತಿಗರಿ ತಿರುಗಿಸಿದ ಕುಂಬಾರರ ಮನೆಯವರು ಏನನ್ನುತ್ತಿದ್ದರು ಎಂದು ನಿಮ್ಮ ಹಿರಿಯರನ್ನು ಕೇಳಿ ಬರೆದರೆ ದೊಡ್ಡ ಉಪಕಾರ. ಇನ್ನೊಂದು, ಫೋಕಸ್. ಪಠ್ಯಪುಸ್ತಕದಲ್ಲಿ ‘ಸಂಗಮ’ ಇದೆ, ಹಳಬರು ‘ನಾಭಿ’ ಎಂದು ಕಲಿತವರು. ಎರಡೂ ಬಿಂದುವಿನ ಹೆಸರು. ಮಸೂರ ಏರಿಳಿದು ಚುಕ್ಕಿಯನ್ನು ಸ್ಫುಟಗೊಳಿಸುವ ಕ್ರಿಯೆಗೆ ಒಂದು ಕ್ರಿಯಾಪದ ಬೇಕಾಗಿದೆ. ಸದ್ಯಕ್ಕೆ ‘ಫೋಕಸ್ ಹಿಡಿ’ ಎಂದೇ ಬರೆದಿದ್ದೇನೆ. ಸಾಲು ಹಿಡಿ, ಫೋಕಸ್ ಹಿಡಿ ಎಂದು ಜೋಡಿಯಾಗಿ ಚೆನ್ನಾಗಿಯೇ ಕೇಳುತ್ತದೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ, ಚೀಟಿ ಮತ್ತು ಕೈಪಿಡಿ ಎರಡನ್ನೂ ಅಚ್ಚಿಗೆ ಕೊಡುವ ಮುಂಚೆ ಸೇರಿಸಿಕೊಳ್ಳುತ್ತೇನೆ.