‘ಕಂಡೀಶನ್’ ಎಂದರೆ ಷರತ್ತೋ ಸ್ಥಿತಿಗತಿಯೋ? ವಿಶ್ವಸಂಸ್ಥೆ ನೌಕರರ ಕೆಲವು ಪದಗಳು

ಪ್ರಶ್ನೆ, ಮಡಿಕೇರಿಯಿಂದ: ವಿಶ್ವಸಂಸ್ಥೆಯ ಉದ್ಯೋಗ ಕುರಿತು ಕಾಲೇಜು ಮಕ್ಕಳಿಗೆ ಒಂದು ಕನ್ನಡ ಕೈಪಿಡಿ ತಯಾರಾಗುತ್ತಿದೆ. ಕರಡಿನಲ್ಲಿ ‘ಇಂಟರ್‌ನ್ಯಾಷನಲ್ ಸಿವಿಲ್ ಸರ್ವೆಂಟ್’ಗೆ ‘ಅಂತಾರಾಷ್ಟ್ರೀಯ ಸರ್ಕಾರಿ ನೌಕರ’ ಎಂದಿದೆ. ‘ಕಂಡೀಶನ್ಸ್’ ಬಂದಲ್ಲೆಲ್ಲ ‘ಷರತ್ತು’. ‘ಪೋಸ್ಟ್ ಅಡ್ಜಸ್ಟ್‌ಮೆಂಟ್’ ಎಂಬುದು ‘ಹುದ್ದೆ ಹೊಂದಾಣಿಕೆ’, ‘ಮ್ಯಾನೇಜ್‌ಮೆಂಟ್ ಇವ್ಯಾಲ್ಯುಯೇಶನ್’ ಎಂಬುದು ‘ಆಡಳಿತ ಮೌಲ್ಯಮಾಪನ’. ‘ಸ್ಟಾಫ್ ರೆಪ್ರೆಸೆಂಟೇಟಿವ್’ಗೆ ‘ಸಿಬ್ಬಂದಿ ತಕ್ಕ’ (ತಕ್ಕ ಎಂದರೆ ಕೊಡವರ ಊರಿನ ಮುಖಂಡ) ಎಂದರೆ ನಮ್ಮ ಕಡೆಯವರಿಗೆ ಚೆನ್ನಾಗಿ ಹಿಡಿಸುತ್ತದೆ ಎಂಬ ಸಲಹೆಯೂ ಬಂದಿದೆ. ಬಲ್ಲವರು ತಿದ್ದಿಕೊಡಬೇಕು.

ಉತ್ತರ: ಸರ್, ಮೊದಲು ‘ಸರ್ಕಾರಿ’ಯನ್ನು ಹೊಡೆದುಹಾಕಿ. ಈ ನೌಕರರ ಬೆನ್ನಿಗೆ ಸರ್ಕಾರವೇ ಇಲ್ಲ. ವಿಶ್ವಸಂಸ್ಥೆಯ ಸನ್ನದಿನ (ಸ್ಥಾಪನಾ ಒಪ್ಪಂದದ) 100ನೇ ವಿಧಿಯ ಪ್ರಕಾರ ಇವರು ಯಾವ ಸರ್ಕಾರದಿಂದಲೂ ಸೂಚನೆ ಕೇಳಕೂಡದು, ಕೊಟ್ಟರೂ ಪಡೆಯಕೂಡದು. ಮಡಿಕೇರಿಯವರೊಬ್ಬರು ನ್ಯೂಯಾರ್ಕಿನ ಸಚಿವಾಲಯ ಸೇರಿದರೆ ದೆಹಲಿಯ ಮಾತು ಕೇಳಿ ಕಡತ ಬರೆಯುವಂತಿಲ್ಲ. ‘ನಾಗರಿಕ ಸೇವಕ’ ಎಂದರೆ ನಾಗರಿಕರ ಸೇವೆ ಮಾಡುವವ ಎಂದು ಓದಿಕೊಳ್ಳುತ್ತಾರೆ. ಒಂದು ಸಲ ‘ಅಂತಾರಾಷ್ಟ್ರೀಯ ನಾಗರಿಕ ಸೇವೆಯ ನೌಕರ’ ಎಂದು ಉದ್ದಕ್ಕೆ ಬರೆದು, ಮುಂದೆ ಬರೀ ‘ನೌಕರ’ ಎಂದರೆ ಸಾಕು. (ಅಂತಾರಾಷ್ಟ್ರೀಯವೋ ಅಂತರರಾಷ್ಟ್ರೀಯವೋ ಎಂಬ ಹಳೇ ಜಗಳಕ್ಕೆ ಇಲ್ಲಿ ಕೈಹಾಕುವುದಿಲ್ಲ.)

ಆದರೆ ‘ನೌಕರ’ ಎಂಬುದನ್ನು ಸಡಿಲವಾಗಿ ಬಳಸಬೇಡಿ. ನೇಮಕಾತಿ ಪತ್ರ ಇದ್ದವರಷ್ಟೇ ನೌಕರರು. ಅದರಲ್ಲಿ ತಾತ್ಕಾಲಿಕ, ನಿಗದಿತ ಅವಧಿಯದು, ಮುಂದುವರಿಯುವಂಥದ್ದು ಎಂಬ ಬಗೆಗಳಿವೆ. ತಾತ್ಕಾಲಿಕದವರಿಗೆ ತಿಂಗಳಿಗೆ ಒಂದೂವರೆ ದಿನ ವಾರ್ಷಿಕ ರಜೆ, ಉಳಿದವರಿಗೆ ಎರಡೂವರೆ. ಸಲಹೆಗಾರರು, ವಿಶ್ವಸಂಸ್ಥೆಯ ಸ್ವಯಂಸೇವಕರು ಅದೇ ಕೋಣೆಯಲ್ಲಿ ಅದೇ ಮೇಜಿನ ಮೇಲೆ ಕೆಲಸ ಮಾಡಿದರೂ ನೌಕರರಲ್ಲ. ನೌಕರರ ನ್ಯಾಯಮಂಡಳಿಯ ಬಾಗಿಲು ಅವರಿಗೆ ತೆರೆಯುವುದಿಲ್ಲ. ಇದನ್ನು ಮಕ್ಕಳಿಗೆ ಹೇಳಲೇಬೇಕು.

ಇನ್ನು ‘ಕಂಡೀಶನ್’. ಇಂಗ್ಲಿಷಿನವರು ಒಂದೇ ಪದದಲ್ಲಿ ಎರಡು ಕೆಲಸ ಮಾಡಿಸಿಕೊಳ್ಳುತ್ತಾರೆ, ಕನ್ನಡದಲ್ಲಿ ಎರಡನ್ನೂ ಬೇರೆ ಇಡಬಹುದು, ಇಡಬೇಕು. ಕಾಫಿ ತೋಟದ ಮಾತನ್ನೇ ನೋಡಿ. ದಿನಗೂಲಿ ಎಷ್ಟು, ಬೋನಸ್ ಎಷ್ಟು ಎಂಬುದು ಷರತ್ತು. ಲೈನ್‌ಮನೆಯ ಸೂರು ಮಳೆಗಾಲದಲ್ಲಿ ಸೋರುತ್ತದೆಯೇ, ಕುಡಿಯುವ ನೀರು ಇದೆಯೇ ಎಂಬುದು ಸ್ಥಿತಿಗತಿ. ಹಾಗೆಯೇ ಇಲ್ಲೂ ಸಂಬಳ, ರಜೆ, ಪಿಂಚಣಿ ‘ಸೇವಾ ಷರತ್ತು’. ಕಚೇರಿಯ ಸುರಕ್ಷತೆ, ಊರಿನ ಆಸ್ಪತ್ರೆ, ಮನೆ, ಮಕ್ಕಳ ಶಾಲೆ ‘ಕೆಲಸದ ಸ್ಥಿತಿಗತಿ’. ಎರಡನೆಯದನ್ನು ಅಳೆದು ಮೊದಲನೆಯದಕ್ಕೆ ಜೋಡಿಸುವ ಕ್ರಮವೂ ಇದೆ. ಕೆಲಸದ ಊರುಗಳನ್ನು ಎ ಯಿಂದ ಇ ವರೆಗೆ ವರ್ಗ ಮಾಡುತ್ತಾರೆ, ಇ ಎಂದರೆ ಎಲ್ಲಕ್ಕಿಂತ ಕಷ್ಟದ್ದು. ಪ್ರಧಾನ ಕಚೇರಿಯಂಥ ಊರುಗಳದು ಎಚ್ ವರ್ಗ. ಎಚ್ ಮತ್ತು ಎ ಊರುಗಳಲ್ಲಿ ಕಷ್ಟಭತ್ಯೆ ಇಲ್ಲ, ಬಿ ಯಿಂದ ಶುರು. ಹಾಗಂತ ‘ಡ್ಯೂಟಿ ಸ್ಟೇಷನ್’ಗೆ ‘ಠಾಣೆ’ ಬೇಡ, ಪೊಲೀಸರು ನೆನಪಾಗುತ್ತಾರೆ. ‘ಕೆಲಸದ ಊರು’ ಎಂದರೆ ಏನೂ ಕೊರತೆಯಾಗುವುದಿಲ್ಲ.

‘ಹುದ್ದೆ ಹೊಂದಾಣಿಕೆ’ ಪೂರ್ತಿ ತಪ್ಪು. ಅಲ್ಲಿನ ‘ಪೋಸ್ಟ್’ ಹುದ್ದೆಯಲ್ಲ, ಊರು. ನಮ್ಮ ತುಟ್ಟಿಭತ್ಯೆಯ ನೆಂಟ ಎನ್ನಬಹುದು, ಆದರೆ ಊರಿಂದೂರಿಗೆ ಬದಲಾಗುವಂಥದ್ದು. ‘ಊರುವಾರು ತುಟ್ಟಿಭತ್ಯೆ’ ಎಂದು ಬರೆಯಿರಿ. ಒಂದು ಊರಿನ ಗುಣಕ 60 ಎಂದಿದ್ದರೆ ಮೂಲ ನಿವ್ವಳ ಸಂಬಳದ ಪ್ರತಿ 100 ಡಾಲರಿಗೆ 60 ಡಾಲರ್ ಸೇರುತ್ತದೆ. ಇದು ಮುಖ್ಯವಾಗಿ ವೃತ್ತಿಪರ ದರ್ಜೆ ಮತ್ತು ಮೇಲಿನವರಿಗೆ. ಸ್ಥಳೀಯವಾಗಿ ನೇಮಕವಾದ ಸಾಮಾನ್ಯ ಸೇವೆಯವರ (ಗುಮಾಸ್ತರು, ಚಾಲಕರಂಥವರ) ಸಂಬಳವನ್ನು ಆ ಊರಿನ ಒಳ್ಳೆಯ ಮಾಲೀಕರು ಕೊಡುವುದಕ್ಕೆ ಹೋಲಿಸಿ ನಿಗದಿ ಮಾಡುತ್ತಾರೆ. ಆ ಸಮೀಕ್ಷೆಯ ಸಮಿತಿಯಲ್ಲಿ ನೌಕರರ ಪ್ರತಿನಿಧಿಗಳೂ ಕೂರುತ್ತಾರೆ.

ಈ ಭತ್ಯೆಯ ಸುತ್ತ ನಡೆದ ಒಂದು ಮೊಕದ್ದಮೆ ನಮ್ಮಂಥ ಪದದ ಹುಚ್ಚಿನವರಿಗೆ ಹೇಳಿಮಾಡಿಸಿದ್ದು. ಸಂಬಳದ ವಿಷಯ ನೋಡುವುದು ಅಂತಾರಾಷ್ಟ್ರೀಯ ನಾಗರಿಕ ಸೇವಾ ಆಯೋಗ. ವಿಶ್ವಸಂಸ್ಥೆಯ ಮಹಾಸಭೆ (ಎಲ್ಲ ಸದಸ್ಯ ದೇಶಗಳ ಸಭೆ) 1974ರಲ್ಲಿ ಸ್ಥಾಪಿಸಿದ್ದು, 15 ಸದಸ್ಯರದು. 2017ರಲ್ಲಿ ಅದು ಜಿನೀವಾದ ಗುಣಕವನ್ನು ಇಳಿಸಿತು. ಆಯೋಗದ ಶಾಸನದಲ್ಲಿ ಕೆಲವು ವಿಷಯಗಳಿಗೆ ಮಹಾಸಭೆಗೆ ‘ಶಿಫಾರಸು’ ಮಾಡಬೇಕು ಎಂದಿದೆ, ಕೆಲವನ್ನು ತಾನೇ ‘ನಿಗದಿ’ ಮಾಡಬಹುದು ಎಂದಿದೆ. ಈ ಕಡಿತ ಎರಡರಲ್ಲಿ ಯಾವುದಕ್ಕೆ ಸೇರಿದ್ದು? ಶಿಫಾರಸಿನ ಅಧಿಕಾರ ಮಾತ್ರ, ನಿಗದಿ ಮಾಡುವಂತಿರಲಿಲ್ಲ ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಆಡಳಿತ ನ್ಯಾಯಮಂಡಳಿ 2019ರಲ್ಲಿ ತೀರ್ಪು ಕೊಟ್ಟು ಕಡಿತವನ್ನು ರದ್ದುಮಾಡಿತು. ವಿಶ್ವಸಂಸ್ಥೆಯ ಮೇಲ್ಮನವಿ ನ್ಯಾಯಮಂಡಳಿ 2021ರಲ್ಲಿ ಇದಕ್ಕೆ ವಿರುದ್ಧವಾಗಿ ಹೇಳಿತು. ಹೀಗಾಗಿ ಒಂದೇ ಜಿನೀವಾದಲ್ಲಿ, ಒಂದೇ ದರ್ಜೆಯ ಇಬ್ಬರು ಸಂಸ್ಥೆ ಬೇರೆ, ಹಾಗಾಗಿ ನ್ಯಾಯಮಂಡಳಿಯೂ ಬೇರೆಯಾದ ಕಾರಣಕ್ಕೆ ಬೇರೆ ಬೇರೆ ಸಂಬಳ ಪಡೆದರು. ನಿಮ್ಮ ಕರಡಿನ ನಾಲ್ಕನೇ ಪುಟದಲ್ಲಿ ‘ಆಯೋಗ ತೀರ್ಮಾನಿಸುತ್ತದೆ’ ಎಂದಿರುವುದನ್ನು ಈ ಕಾರಣಕ್ಕೇ ಮತ್ತೆ ನೋಡಿ.

‘ನೆಗೋಶಿಯೇಶನ್’ಗೂ ಇದೇ ಎಚ್ಚರ. ತೋಟಗಳಲ್ಲಿ ಯೂನಿಯನ್‌ನವರೂ ಮಾಲೀಕರ ಕಡೆಯವರೂ ಕೂತು, ಎಳೆದಾಡಿ, ಕೂಲಿ ಒಪ್ಪಂದಕ್ಕೆ ಸಹಿ ಹಾಕುವ ಪದ್ಧತಿ ಉಂಟು. ವಿಶ್ವಸಂಸ್ಥೆಯ ಸಚಿವಾಲಯದಲ್ಲಿ ಸಂಬಳದ ಮೇಲೆ ಅಂಥ ಒಪ್ಪಂದವಿಲ್ಲ, ಕೊನೆಯ ಮಾತು ಮಹಾಸಭೆಯದು. ನೌಕರರ ಒಕ್ಕೂಟಗಳು ಆಯೋಗದ ಮುಂದೆ ಮಾತಾಡಬಹುದು, ಮತವಿಲ್ಲ. ಜಂಟಿ ಸಮಿತಿಗಳಲ್ಲಿ ಆಗುವುದೂ ‘ಸಮಾಲೋಚನೆ’ಯೇ. ‘ಸಾಮೂಹಿಕ ಚೌಕಾಸಿ’ ಎಂದು ಬರೆದರೆ ಅವರಿಗಿಲ್ಲದ ಬಲವನ್ನು ನಾವೇ ಕೊಟ್ಟಂತಾಗುತ್ತದೆ.

‘ಆಡಳಿತ ಮೌಲ್ಯಮಾಪನ’ ಎಂದರೆ ಯಾರೋ ಆಡಳಿತಕ್ಕೆ ಅಂಕ ಕೊಟ್ಟಂತಿದೆ. ನಿಜವಾಗಿ ಅದು ‘ಈ ಆದೇಶವನ್ನು ಇನ್ನೊಮ್ಮೆ ನೋಡಿ’ ಎಂಬ ಅರ್ಜಿ. ‘ಆಡಳಿತದ ಮರುಪರಿಶೀಲನೆ’ ಸರಿ. ಆದೇಶ ಕೈಸೇರಿದ 60 ದಿನದೊಳಗೆ ಕೇಳಬೇಕು. ಪ್ರಧಾನ ಕಚೇರಿಯವರಿಗೆ 30 ದಿನ, ಹೊರಗಿನವರಿಗೆ 45 ದಿನದೊಳಗೆ ಉತ್ತರ ಬರಬೇಕು. ಅದಾದ ಮೇಲೆ ನೌಕರರ ‘ವಿವಾದ ನ್ಯಾಯಮಂಡಳಿ’ಗೆ ಹೋಗಲು 90 ದಿನ, ಅಲ್ಲಿಂದ ಮೇಲ್ಮನವಿಗೆ 60 ದಿನ. ಹೆಚ್ಚಿನವರು ಎಡವುವುದು ಮೊದಲ ಮೆಟ್ಟಿಲಲ್ಲೇ: ಮೇಲಧಿಕಾರಿಗೆ ಮೇಲಿಂದ ಮೇಲೆ ಇಮೇಲ್ ಬರೆಯುತ್ತಾ ಕೂರುತ್ತಾರೆ, ಅದು ಅರ್ಜಿಯ ಲೆಕ್ಕಕ್ಕೆ ಬರುವುದಿಲ್ಲ, 60 ದಿನ ಕಳೆದುಹೋಗುತ್ತದೆ. ಆಮೇಲೆ ದೂರಿನಲ್ಲಿ ಹುರುಳಿದ್ದರೂ ಮಂಡಳಿ ವಿಚಾರಣೆಗೆ ತೆಗೆದುಕೊಳ್ಳುವುದಿಲ್ಲ. ಶಿಸ್ತುಕ್ರಮ ಮುಗಿದು ಕೊಟ್ಟ ಶಿಕ್ಷೆಗಾದರೆ ಈ ಮೆಟ್ಟಿಲು ಬೇಡ, ನೇರ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆಯಂಥವುಗಳ ನೌಕರರಿಗೆ ನ್ಯಾಯಮಂಡಳಿಯೇ ಬೇರೆ, ಈ ದಿನಗಳ ಲೆಕ್ಕ ಅವರಿಗೆ ಹಚ್ಚಬೇಡಿ.

ಇನ್ನೊಂದು ಉತ್ತರ, ಪೊನ್ನಂಪೇಟೆಯಿಂದ: ‘ತಕ್ಕ’ನನ್ನು ದಯವಿಟ್ಟು ಎಳೆದು ತರಬೇಡಿ. ತಕ್ಕಾಮೆ, ಅಂದರೆ ತಕ್ಕನ ಪದವಿ, ಒಕ್ಕದಿಂದ (ಮನೆತನದಿಂದ) ಬರುವಂಥದ್ದು, ಅಪ್ಪನ ನಂತರ ಅದೇ ಮನೆತನದವರಿಗೆ. ಸಿಬ್ಬಂದಿ ನಿಯಮದ 8.1 ಹೇಳುವುದು ಕನಿಷ್ಠ ಎರಡು ವರ್ಷಕ್ಕೊಮ್ಮೆ ಚುನಾವಣೆ. ‘ನೌಕರರ ಪ್ರತಿನಿಧಿ’ ಎಂಬ ಸಾದಾ ಪದವೇ ಇರಲಿ.

ಮತ್ತೊಂದು: ಕೊಡಗಿನಲ್ಲಿ ವಿಶ್ವಸಂಸ್ಥೆ ಎಂದ ಕೂಡಲೇ ಜನರಲ್ ತಿಮ್ಮಯ್ಯ ನೆನಪಾಗುತ್ತಾರೆ, 1964ರಲ್ಲಿ ಸೈಪ್ರಸ್‌ನ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ ಹೋಗಿ 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡವರು. ಹಾಗಾಗಿ ಮಕ್ಕಳು ಪಡೆಯ ಸೈನಿಕರನ್ನೂ ನೌಕರರೆಂದೇ ಎಣಿಸುತ್ತಾರೆ. ನೀಲಿ ಟೋಪಿ ತೊಟ್ಟ ತುಕಡಿಯವರು ತಮ್ಮ ದೇಶದ ಸೇನೆಯ ಶಿಸ್ತಿಗೇ ಒಳಪಟ್ಟವರು, ನೌಕರ ಸಂಘದಲ್ಲಿ ಅವರಿಗೆ ಮತವಿಲ್ಲ. ‘ನಾಗರಿಕ’ ಎಂಬ ಪದ ಅಲ್ಲಿ ಕೂತಿರುವುದೇ ಸೈನಿಕರಿಂದ ಬೇರ್ಪಡಿಸಲು. ‘ನೌಕರ’ ಎಂದು ಮೊಟಕು ಮಾಡುವ ಮುಂಚೆ ಇದನ್ನೊಂದು ಸಾಲಿನಲ್ಲಿ ಸೇರಿಸಿ.