ಅಕ್ಕನ ಹೆಸರಿನಲ್ಲೂ ಒಂದು ಅರ್ಜಿ ಹಾಕೋಣ: ನಮ್ಮ ಕುಟುಂಬದ ಗುಂಪಿನಲ್ಲಿ ನಡೆದ ಮಾತು

ಲಂಡನ್ ತಮ್ಮ: ಈ ಲಿಂಕ್ ಎಲ್ಲರೂ ಓದಿ. ಕಾರು ಅಪಘಾತದ ನಂತರ ಮನಸ್ಸಿಗೆ ಆಗುವ ಆಘಾತಕ್ಕೂ ಇಲ್ಲಿ ಪರಿಹಾರ ಕೇಳಬಹುದು. ಪಿಟಿಎಸ್‌ಡಿ (ಪೋಸ್ಟ್ ಟ್ರಾಮಾಟಿಕ್ ಸ್ಟ್ರೆಸ್ ಡಿಸಾರ್ಡರ್) ಅಂತ ಹೆಸರು. ಮನೋವೈದ್ಯರು ಕಾಯಿಲೆ ಇದೆ ಅಂತ ಬರೆದು ಕೊಡಬೇಕು. ಕೇಸು ಹಾಕಲು 3 ವರ್ಷ ಸಮಯ ಇದೆ. ಓದುವಾಗ ಅಕ್ಕನ ನೆನಪಾಯಿತು.

ಬದಿಯಡ್ಕ ಅಪ್ಪಚ್ಚಿ (ಚಿಕ್ಕಪ್ಪ): ಅದು ಆ ದೇಶದ ಕತೆ ಮಗಾ. ಇಲ್ಲಿ ಕೈಕಾಲು ಮುರಿದವರಿಗೇ ಸರಿಯಾಗಿ ಸಿಗುವುದಿಲ್ಲ, ಇನ್ನು ಹೆದರಿಕೆಗೆ ಯಾರು ದುಡ್ಡು ಕೊಡುತ್ತಾರೆ? ಅವಳ ಗಂಡನ ಕೇಸು ಹಾಕಿ ಆಗಿದೆ. ಅಷ್ಟು ಸಾಕು.

ನಾನು: ಸಾಕಾಗುವುದಿಲ್ಲ ಅಪ್ಪಚ್ಚಿ. ಟಿಪ್ಪರ್ ಗುದ್ದಿದ ಕಾರಿನಲ್ಲಿ ನೀರ್ಚಾಲು ಭಾವನ ಪಕ್ಕದಲ್ಲೇ ಅಕ್ಕನೂ ಇದ್ದಳು. ಭಾವನ ಎಲುಬು ಎಕ್ಸ್‌ರೇಯಲ್ಲಿ ಕಾಣುತ್ತದೆ, ಅಕ್ಕನದ್ದು ಕಾಣುವುದಿಲ್ಲ. ಅಷ್ಟೇ ವ್ಯತ್ಯಾಸ.

ವಿಟ್ಲ ಚಿಕ್ಕಮ್ಮ: ಪಾಪ ಅವಳು. ಮಧೂರು ದೇವಸ್ಥಾನಕ್ಕೆ ಹೋಗಿ ಒಂದು ಅಪ್ಪ ಸೇವೆ ಮಾಡಿಸಿ. ಹೆದರಿಕೆ ತನ್ನಷ್ಟಕ್ಕೇ ಹೋಗುತ್ತದೆ.

ನಾನು: ಸೇವೆಯೂ ಮಾಡಿಸೋಣ ಚಿಕ್ಕಮ್ಮ. ಆದರೆ ಡಾಕ್ಟರ ಹತ್ತಿರ ಹೋಗುವುದು ಬೇಡವಾ? ಮೊನ್ನೆ ಉಪನಯನಕ್ಕೆ ಹೋಗುವಾಗ ನೀರ್ಚಾಲಿನಿಂದ ನನ್ನ ಕಾರಿನಲ್ಲೇ ಬಂದಳು. ಹಿಂದಿನ ಸೀಟಿನಲ್ಲಿ ಕೂತು ಎದುರಿನ ಸೀಟನ್ನು ಎರಡೂ ಕೈಯಲ್ಲಿ ಗಟ್ಟಿ ಹಿಡಿದುಕೊಂಡಿದ್ದಳು. ಬೆರಳ ಗೆಣ್ಣು ಬಿಳುಚಿತ್ತು. ಕೆಂಪುಕಲ್ಲಿನ ಲಾರಿಯೊಂದು ಹಿಂದೆ ಬಂದು ಹಾರ್ನ್ ಹೊಡೆಯಿತು. "ನಿಲ್ಲಿಸು, ನಿಲ್ಲಿಸು" ಅಂತ ಕೂಗಿ ಸೀತಾಂಗೋಳಿಯಲ್ಲಿ ಇಳಿದೇ ಬಿಟ್ಟಳು. ಮೈ ಇಡೀ ಬೆವರು. ಅಪಘಾತ ಆಗಿ ತಿಂಗಳುಗಟ್ಟಲೆ ಆದ ಮೇಲೆ ಇದು. ರಾತ್ರಿ ಗಾಜು ಒಡೆದ ಶಬ್ದ ಕೇಳಿದಂತಾಗಿ ಎದ್ದು ಕೂರುತ್ತಾಳೆ ಅಂತ ನೀರ್ಚಾಲು ಭಾವ ಹೇಳಿದರು. ಪಾಠ ಮಾಡಲು ಶಾಲೆಗೆ ಹೋಗಲಾಗದೆ ಸಂಬಳ ಇಲ್ಲದ ರಜೆ ಹಾಕಿದ್ದಾಳೆ. ಇದನ್ನು ಬರೀ ಹೆದರಿಕೆ ಅನ್ನುವುದು ಹೇಗೆ? ಮತ್ತೆ ಮತ್ತೆ ಅದೇ ಕಣ್ಣೆದುರು ಬರುವುದು, ಕೆಟ್ಟ ಕನಸು, ಆ ದಾರಿಯನ್ನೇ ತಪ್ಪಿಸುವುದು, ಸಣ್ಣ ಶಬ್ದಕ್ಕೂ ಬೆಚ್ಚುವುದು, ಇದೆಲ್ಲ ಒಂದು ತಿಂಗಳು ದಾಟಿಯೂ ಬಿಡದಿದ್ದರೆ ಡಾಕ್ಟರು ಪಿಟಿಎಸ್‌ಡಿ ಇದೆಯಾ ಅಂತ ನೋಡುತ್ತಾರೆ. 1980ರಲ್ಲೇ ಅಮೆರಿಕದ ಮನೋವೈದ್ಯರ ರೋಗಪಟ್ಟಿಗೆ ಸೇರಿದ ಕಾಯಿಲೆ. ಲಂಡನಿನವರಿಗೆ ಮಾತ್ರ ಬರುವಂಥದ್ದಲ್ಲ.

ಮಂಗಳೂರು ಭಾವ: ನಾನು ಇನ್ಶೂರೆನ್ಸಿನಲ್ಲಿ ಇರುವವನು. ಒಂದೆರಡು ಮಾತು ಹೇಳುತ್ತೇನೆ, ಬೇಜಾರು ಮಾಡಬೇಡಿ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಸಾವು ಇಲ್ಲವೇ ಶರೀರಕ್ಕೆ ಗಾಯ ಅಂತ ಇದೆ. ಬರೀ ಮನಸ್ಸಿಗೆ ಆಘಾತ ಅಂತ ಹೋದರೆ ಕಂಪೆನಿಯ ವಕೀಲರು ಅಲ್ಲೇ ಹಿಡಿಯುತ್ತಾರೆ. ಎರಡನೆಯದು, ಅಕ್ಕ ಇಷ್ಟು ದಿನ ಯಾವ ಡಾಕ್ಟರಿಗೂ ಇದನ್ನು ತೋರಿಸಿಲ್ಲ. "ಕೇಸಿನ ಮಾತು ಬಂದ ಮೇಲೆ ಕಾಯಿಲೆ ಬಂತಾ?" ಅಂತ ಕೇಳಿದರೆ ಏನು ಹೇಳುತ್ತೀರಿ?

ನಾನು: ಮೊದಲನೆಯದಕ್ಕೆ ಉತ್ತರ ಇದೆ ಭಾವ. ಅವಳ ಶರೀರಕ್ಕೂ ಗಾಯ ಆಗಿದೆ. ಸೀಟ್ ಬೆಲ್ಟ್ ಎಳೆದು ಭುಜ, ಎದೆ ನೀಲಿಗಟ್ಟಿತ್ತು. ಆ ದಿನ ಆಸ್ಪತ್ರೆಯ ಚೀಟಿಯಲ್ಲಿ ಬರೆದಿದ್ದಾರೆ. ಆ ಗಾಯದ ಜೊತೆಗೇ ಇದನ್ನೂ ಹೇಳುವುದು. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಗಾಯಾಳುವಿಗೆ ಏನೇನಕ್ಕೆ ಪರಿಹಾರ ಅಂತ ಪಟ್ಟಿ ಮಾಡಿದೆ. ಅದರಲ್ಲಿ ನೋವು, ಸಂಕಟ, ಆಘಾತ ಅಂತಲೇ ಇದೆ. ಚಿಕಿತ್ಸೆಯ ಖರ್ಚು, ಆ ಸಮಯದಲ್ಲಿ ಕಳಕೊಂಡ ಸಂಬಳವೂ ಇದೆ. ಎರಡನೆಯ ಮಾತು ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಅದಕ್ಕೇ ಇನ್ನು ತಡ ಮಾಡದೆ ಅವಳನ್ನು ಮಂಗಳೂರಿನ ಮನೋವೈದ್ಯರಿಗೆ ತೋರಿಸಬೇಕು.

ಮಂಗಳೂರು ಭಾವ: ಅದೇ ತೀರ್ಪಿನಲ್ಲಿ ಇನ್ನೊಂದೂ ಇದೆ. ಮುಂದಿನ ದುಡಿಮೆಗೆ ಪೆಟ್ಟು ಅಂತ ಕೇಳಬೇಕಾದರೆ ಗಾಯ ಗಂಭೀರ ಇರಬೇಕು, ಡಾಕ್ಟರ ಸಾಕ್ಷಿ ಬೇಕು. ಲಕ್ಷಗಟ್ಟಲೆ ಅಂತ ಅವಳಿಗೆ ಆಸೆ ಹುಟ್ಟಿಸಬೇಡ.

ನಾನು: ಇಲ್ಲ ಭಾವ. ಡಾಕ್ಟರ ಫೀಸು, ಮದ್ದು, ಹೋದ ಸಂಬಳ, ಅವಳು ತಿಂದ ಸಂಕಟಕ್ಕೆ ಒಂದು ಮೊತ್ತ. ಇಷ್ಟು ನ್ಯಾಯವಾಗಿ ಬರಬೇಕಾದದ್ದು.

ಬದಿಯಡ್ಕ ಅಪ್ಪಚ್ಚಿ: ನಾನು ದುಡ್ಡಿನ ಮಾತು ಹೇಳುವುದಲ್ಲ. ಮನಸ್ಸಿನ ಡಾಕ್ಟರ ಚೀಟಿ ಕೋರ್ಟಿಗೆ ಕೊಟ್ಟರೆ ಊರಿಡೀ ಗೊತ್ತಾಗುತ್ತದೆ. ಅವಳ ಮಗಳಿಗೆ ಈಗ ಸಂಬಂಧ ನೋಡುತ್ತಿದ್ದಾರೆ. ನಾಳೆ ಯಾರಾದರೂ ಒಂದು ಮಾತು ಆಡಿದರೆ?

ನಾನು: ಆಡುವವರು ಈಗಲೂ ಆಡುತ್ತಾರೆ ಅಪ್ಪಚ್ಚಿ. "ಮಾಷ್ಟ್ರತ್ತಿ ಕಾರು ಹತ್ತುವುದಿಲ್ಲವಂತೆ" ಅಂತ ಪೇಟೆಯಲ್ಲಿ ಆಗಲೇ ಮಾತಿದೆ. ಹುಚ್ಚು ಅಂತ ಯಾರೂ ಬರೆಯುವುದಿಲ್ಲ. ಬೇರೆಯವನ ತಪ್ಪಿನಿಂದ ಅವಳಿಗೆ ಆದ ತೊಂದರೆ ಅಂತ ಬರೆಯುವುದು. ಕೊಡುವವರು ಟಿಪ್ಪರಿನ ವಿಮಾ ಕಂಪೆನಿ. ನಾಚಿಕೆ ಪಡಬೇಕಾದದ್ದು ಅವಳಲ್ಲ.

ಲಂಡನ್ ತಮ್ಮ: ಅಲ್ಲಿಯೂ 3 ವರ್ಷ ಇದೆಯಲ್ವಾ? ಸಮಾಧಾನದಲ್ಲಿ ಯೋಚನೆ ಮಾಡಬಹುದಲ್ಲ.

ಮಂಗಳೂರು ಭಾವ: ಇಲ್ಲ. ಅದು ನಿಮ್ಮ ಕಡೆಗೆ. ಇಲ್ಲಿ 2019ರಲ್ಲಿ ತಿದ್ದುಪಡಿ ಬಂತು, 2022 ಏಪ್ರಿಲ್ 1ರಿಂದ ಜಾರಿ. ಅಪಘಾತ ಆಗಿ 6 ತಿಂಗಳ ಒಳಗೆ ಅರ್ಜಿ ಹಾಕಬೇಕು ಅಂತ ಇದೆ. ಅಕ್ಕನ ಗಂಡನ ಅರ್ಜಿಯಲ್ಲಿ ಇವಳದ್ದು ಸೇರುವುದಿಲ್ಲ. ಗಾಯ ಆದವರು ಅವರವರ ಹೆಸರಿನಲ್ಲೇ ಹಾಕಬೇಕು. ಮಳೆಗಾಲದಲ್ಲಿ ಆದ ಅಪಘಾತ ಇದು. ಸಮಯ ಕಮ್ಮಿ ಇದೆ.

ವಿಟ್ಲ ಚಿಕ್ಕಮ್ಮ: ಕಾಸರಗೋಡಿನಲ್ಲೇ ಯಾರಿಗಾದರೂ ತೋರಿಸಬಹುದಲ್ಲ?

ನಾನು: ತೋರಿಸಬಹುದು. ಆದರೆ ಅಕ್ಕನಿಗೆ ಮಲಯಾಳ ಅಂಗಡಿ, ಬಸ್ಸಿಗೆ ಸಾಕಾಗುವಷ್ಟೇ. ಕನಸಿನಲ್ಲಿ ಬಂದದ್ದನ್ನು ಬಿಚ್ಚಿ ಹೇಳಲು ಕನ್ನಡವೇ ಬೇಕು. ಈ ಕಾಯಿಲೆಗೆ ಮಾತಿನ ಚಿಕಿತ್ಸೆಯೇ ಮುಖ್ಯ. ಅದಕ್ಕೆ ಮಂಗಳೂರು ಅಂದೆ.

ಮಂಗಳೂರು ಭಾವ: ಸರಿ, ಆದರೆ ಆ ಡಾಕ್ಟರು ಸಾಕ್ಷಿ ಹೇಳಲು ಗಡಿ ದಾಟಿ ಕಾಸರಗೋಡಿನ ವಿದ್ಯಾನಗರದ ಕೋರ್ಟಿಗೆ ಬರುತ್ತಾರಾ?

ನಾನು: ಡಾಕ್ಟರನ್ನು ಕಾಯಿಸಬೇಡಿ, ಬೇಕಾದರೆ ಕಮಿಷನ್, ಅಂದರೆ ಕೋರ್ಟು ನೇಮಿಸಿದವರನ್ನು, ಕಳಿಸಿ ಅವರಿರುವಲ್ಲೇ ಸಾಕ್ಷಿ ಪಡೆಯಿರಿ ಅಂತ ಆ ತೀರ್ಪಿನಲ್ಲೇ ಸಲಹೆ ಇದೆ. ಅದನ್ನು ವಕೀಲರು ನೋಡಿಕೊಳ್ಳುತ್ತಾರೆ.

ನೀರ್ಚಾಲು ಅಕ್ಕ: ಬೆಳಗ್ಗಿನಿಂದ ಎಲ್ಲರದ್ದೂ ಓದುತ್ತಾ ಇದ್ದೇನೆ. ನನ್ನ ವಿಷಯ ನನ್ನನ್ನೂ ಒಮ್ಮೆ ಕೇಳಬಹುದಿತ್ತು. ಅಪ್ಪಚ್ಚಿ, ಎಲುಬು ಮುರಿದಿದ್ದರೆ ಒಳ್ಳೆಯದಿತ್ತು ಅಂತ ನನಗೇ ಅನ್ನಿಸಿದ್ದುಂಟು. ಆಗ ಯಾರೂ "ಧೈರ್ಯ ತಂದುಕೋ" ಅನ್ನುತ್ತಿರಲಿಲ್ಲ. ದುಡ್ಡು ಬರಲಿ ಬಿಡಲಿ, ನನಗೆ ಮಕ್ಕಳಿಗೆ ಪಾಠ ಮಾಡಲು ಹೋಗಬೇಕು. ಡಾಕ್ಟರ ಹತ್ತಿರ ಬರುತ್ತೇನೆ. ಕೋರ್ಟಿನಲ್ಲಿ ಎಲ್ಲರೆದುರು ಅದನ್ನೆಲ್ಲ ಹೇಳುವುದು ಹೇಗೆ ಅಂತ ಮಾತ್ರ ಗೊತ್ತಾಗುತ್ತಿಲ್ಲ.

ಬದಿಯಡ್ಕ ಅಪ್ಪಚ್ಚಿ: ಮಗಳೇ, ನಿನಗೆ ಇಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ. ಡಾಕ್ಟರಿಗೆ ತೋರಿಸು. ಕೇಸಿನ ವಿಷಯ ನನಗೆ ಈಗಲೂ ಒಪ್ಪಿಗೆ ಇಲ್ಲ, ಆದರೆ ತಡೆಯುವುದಿಲ್ಲ.

ನಾನು: ಅಷ್ಟು ಸಾಕು ಅಪ್ಪಚ್ಚಿ. ಅಕ್ಕಾ, ಸೋಮವಾರ ಕುಂಬಳೆಯಿಂದ ರೈಲಿನಲ್ಲೇ ಹೋಗೋಣ, ಕಾರು ಬೇಡ. ಅಲ್ಲಿಯವರೆಗೆ ರಾತ್ರಿ ತುಂಬಾ ಕಷ್ಟ ಆದರೆ 14416ಕ್ಕೆ ಫೋನ್ ಮಾಡು. ಮನಸ್ಸಿನ ತೊಂದರೆಗೆ ಇರುವ ಸರಕಾರದ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಆ ದಿನದ ಆಸ್ಪತ್ರೆ ಚೀಟಿ, ಎಫ್‌ಐಆರ್ ಪ್ರತಿ, ಶಾಲೆಯ ರಜೆಯ ಕಾಗದ, ಸಂಬಳದ ಚೀಟಿ ಎಲ್ಲ ಒಂದೇ ಕವರಿನಲ್ಲಿ ಹಾಕಿಡು. ಡಾಕ್ಟರಿಗೆ ಕೇಸಿನ ಮಾತು ಮೊದಲು ಹೇಳಬೇಡ, ನಿದ್ದೆಯ ಮಾತಿನಿಂದ ಶುರು ಮಾಡು. ವಕೀಲರ ಹತ್ತಿರ ಬುಧವಾರ ನಾನೇ ಹೋಗಿ ಕೇಳಿ ಬರುತ್ತೇನೆ.

ನೀರ್ಚಾಲು ಅಕ್ಕ: ಎಫ್‌ಐಆರ್ ಮಲಯಾಳದಲ್ಲಿದೆ. ಅದೇ ಸಾಕಾ?

ಮಂಗಳೂರು ಭಾವ: ಸಾಕು. ಟಿಪ್ಪರಿನ ನಂಬರ್, ಪಾಲಿಸಿಯ ವಿವರ ನನಗೆ ಕಳಿಸಿ. ಕಂಪೆನಿ ಯಾವುದು ಅಂತ ನೋಡುತ್ತೇನೆ.