ಕೈಗಾ ಸ್ಥಾವರದ ವಿವರಣೆಯಲ್ಲಿ ‘ಶೀತಕ’ ಮತ್ತು ‘ತಂಪಾಗಿಸು’: ಬಳಕೆಯ ಬಗ್ಗೆ ಒಂದು ಪ್ರಶ್ನೆ

ಕಾಳಿ ನದಿಯ ದಡದಲ್ಲಿರುವ ಕೈಗಾ ಅಣು ವಿದ್ಯುತ್ ಸ್ಥಾವರದ ಕಾರ್ಯವಿಧಾನವನ್ನು ಕನ್ನಡದಲ್ಲಿ ವಿವರಿಸುವಾಗ ‘ಶೀತಕ’ (ಶಾಖವನ್ನು ಹೊತ್ತೊಯ್ಯುವ ದ್ರವ, ಇಂಗ್ಲಿಷಿನ ಕೂಲಂಟ್), ‘ತಂಪಾಗಿಸು’ ಎಂಬ ಪದಗಳನ್ನು ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಬಲ್ಲವರಿಂದ ತಿಳಿಯಬಯಸುತ್ತೇನೆ. ‘ನದಿಯ ನೀರಿನಿಂದ ರಿಯಾಕ್ಟರನ್ನು ತಂಪಾಗಿಸಲಾಗುತ್ತದೆ’ ಎಂಬಂಥ ವಾಕ್ಯ ವ್ಯಾಕರಣದ ಮಟ್ಟಿಗೆ ನಿರ್ದುಷ್ಟವೇ ಆದರೂ, ನದಿಯ ನೀರು ಇಂಧನವನ್ನೇ ಸವರಿಕೊಂಡು ಹೋಗಿ ಮತ್ತೆ ನದಿಗೆ ಸೇರುತ್ತದೆಂಬ ಭಾವನೆಯನ್ನು ಓದುಗರಲ್ಲಿ ಮೂಡಿಸುತ್ತದೆ. ಅಲ್ಲಿ ನಡೆಯುವುದು ಬೇರೆ.

ಕೈಗಾದ ನಾಲ್ಕೂ ಘಟಕಗಳು ತಲಾ 220 ಮೆಗಾವಾಟ್ ಸಾಮರ್ಥ್ಯದ ಭಾರಜಲ ರಿಯಾಕ್ಟರುಗಳು. ಭಾರಜಲವೆಂದರೆ ಸಾಮಾನ್ಯ ಹೈಡ್ರೋಜನ್ನಿನ ಬದಲು ಅದರ ಭಾರವಾದ ರೂಪವಿರುವ ನೀರು. ಅಡ್ಡಲಾಗಿ ಮಲಗಿಸಿದ ದೊಡ್ಡ ಪಾತ್ರೆಯೊಂದರೊಳಗೆ 306 ಕೊಳವೆಗಳು ಹಾದುಹೋಗುತ್ತವೆ. ಅವುಗಳೊಳಗೆ ನೈಸರ್ಗಿಕ ಯುರೇನಿಯಂ ತುಂಬಿದ, ಸುಮಾರು ಅರ್ಧ ಮೀಟರ್ ಉದ್ದದ ಇಂಧನದ ಕಟ್ಟುಗಳು ಒಂದರ ಹಿಂದೊಂದು ಕೂತಿರುತ್ತವೆ. ಕೊಳವೆಗಳ ಹೊರಗೆ, ಪಾತ್ರೆಯಲ್ಲಿ ತುಂಬಿರುವ ಭಾರಜಲ ನ್ಯೂಟ್ರಾನುಗಳ ವೇಗ ತಗ್ಗಿಸುತ್ತದೆ. ಪಠ್ಯಪುಸ್ತಕಗಳು ಇದನ್ನು ‘ಮಂದಕ’ ಎನ್ನುತ್ತವೆ. ಆ ಪದದ ಬಗ್ಗೆ ನನ್ನ ತಕರಾರಿಲ್ಲ. ಕೊಳವೆಗಳ ಒಳಗೆ, ಇಂಧನಕ್ಕೆ ತಾಗಿಕೊಂಡು ಹರಿಯುವ ಭಾರಜಲ ಇನ್ನೊಂದು. ಅದು ಸುಮಾರು 290 ಡಿಗ್ರಿ ಸೆಲ್ಸಿಯಸ್ ತಲುಪಿದರೂ ಅಧಿಕ ಒತ್ತಡದಿಂದಾಗಿ ಕುದಿಯದೆ ಉಳಿದು, ತನ್ನ ಶಾಖವನ್ನು ಬಾಯ್ಲರಿನಲ್ಲಿ ಸಾಮಾನ್ಯ ನೀರಿಗೆ ಒಪ್ಪಿಸುತ್ತದೆ. ಆ ನೀರು ಹಬೆಯಾಗಿ ಟರ್ಬೈನನ್ನು ತಿರುಗಿಸುತ್ತದೆ. ಕಾಳಿಗೆ ಕಟ್ಟಿದ ಕದ್ರಾ ಜಲಾಶಯದ ನೀರು ಕೆಲಸಕ್ಕೆ ಬರುವುದು ಇದಾದ ಮೇಲೆಯೇ: ಕಂಡೆನ್ಸರಿನ ಕೊಳವೆಗಳಲ್ಲಿ ಹರಿದು, ಟರ್ಬೈನಿನಿಂದ ಹೊರಬಿದ್ದ ಹಬೆಯನ್ನು ನೀರಾಗಿಸಿ, ತಾನು ತುಸು ಬೆಚ್ಚಗಾಗಿ ಜಲಾಶಯಕ್ಕೆ ಹಿಂದಿರುಗುತ್ತದೆ. ರಿಯಾಕ್ಟರಿನಲ್ಲಿ ಹುಟ್ಟಿದ ಶಾಖದ ಸುಮಾರು ಮೂರನೇ ಎರಡು ಪಾಲು ಹೀಗೆ ನೀರಿಗೆ ಹೋಗುತ್ತದೆ. ಈ ನೀರಿಗೂ ಇಂಧನಕ್ಕೂ ನೇರ ಸಂಪರ್ಕವೇ ಇಲ್ಲ; ಹಬೆಗೂ ಇದಕ್ಕೂ ನಡುವೆ ಸಹ ಲೋಹದ ಗೋಡೆಯಿದೆ.

ಇಂಧನದ ಕಡೆಯಿಂದ ನೋಡಿದರೆ 290 ಡಿಗ್ರಿಯ ಭಾರಜಲವೂ ಶೀತಕವೇ ಎಂದು ಪಾರಿಭಾಷಿಕ ಪದಗಳ ಪರವಾಗಿ ವಾದಿಸಬಹುದು, ಆ ವಾದ ಸರಿಯೂ ಹೌದು. ಆದರೆ ‘ತಂಪಾಗಿಸು’ ಎಂಬ ಕ್ರಿಯಾಪದ ಕೊನೆಗೆ ತಂಪಾದ ಸ್ಥಿತಿಯೊಂದನ್ನು ನಿರೀಕ್ಷಿಸುತ್ತದೆ. ಘಟಕ ನಡೆಯುತ್ತಿರುವಾಗ ಅಲ್ಲಿ ಏನೂ ತಂಪಾಗುವುದಿಲ್ಲ. ಹುಟ್ಟಿದಷ್ಟೇ ಶಾಖ ಸಾಗಿಹೋಗುತ್ತಿರುತ್ತದೆ, ಉಷ್ಣತೆ ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ. ನಿಜವಾದ ಅರ್ಥದಲ್ಲಿ ತಣಿಸುವ ಕೆಲಸ ಶುರುವಾಗುವುದು ಘಟಕವನ್ನು ನಿಲ್ಲಿಸಿದ ಮೇಲೆ. ಒಂದನೇ ಘಟಕ 962 ದಿನ ನಿರಂತರವಾಗಿ ನಡೆದು 2018ರ ಡಿಸೆಂಬರ್ 31ರಂದು ನಿಂತಾಗಲೂ, ಯುರೇನಿಯಂ ಪರಮಾಣುಗಳು ಒಂದರಿಂದೊಂದು ಒಡೆಯುತ್ತ ಹೋಗುವ ಸರಪಳಿ ಕ್ರಿಯೆ ನಿಂತಿತೇ ಹೊರತು ಇಂಧನದಲ್ಲಿ ಉಳಿದ ವಿಕಿರಣಶೀಲ ಧಾತುಗಳಿಂದ ಶಾಖ ಹೊಮ್ಮುವುದು ನಿಂತಿರಲಾರದು. ಆದ್ದರಿಂದ ನಡೆಯುವ ಘಟಕಕ್ಕೆ ‘ಶಾಖ ಸಾಗಿಸು’, ನಿಂತ ಘಟಕಕ್ಕೆ ‘ತಣಿಸು’ ಎಂದು ಬೇರೆ ಮಾಡುವುದು ಯುಕ್ತವೆಂದು ನನ್ನ ಅಭಿಪ್ರಾಯ. ‘ಹಾಲು ಆರಿಸು’ ಎಂಬಲ್ಲಿನ ‘ಆರಿಸು’ ಅರ್ಥಕ್ಕೆ ಇನ್ನೂ ಹತ್ತಿರ, ಆದರೆ ದೀಪ ಆರಿಸುವುದೂ ಆಯ್ದುಕೊಳ್ಳುವುದೂ ಅದೇ ಪದವಾಗಿರುವುದರಿಂದ ‘ರಿಯಾಕ್ಟರನ್ನು ಆರಿಸಿದರು’ ಎಂದು ಬರೆಯುವ ಧೈರ್ಯ ನನಗಂತೂ ಇಲ್ಲ.

ಹೆಚ್ಚು ತೊಡಕಿರುವುದು ಕಂಡೆನ್ಸರಿನಲ್ಲಿ. ಹಬೆ ನೀರಾಗುವ ಕ್ರಿಯೆಗೆ ಬಳಸುವ ‘ಸಾಂದ್ರೀಕರಣ’ ಎಂದರೆ ದ್ರಾವಣವನ್ನು ಗಟ್ಟಿಗೊಳಿಸುವುದೆಂದೂ ಅರ್ಥವಾಗುತ್ತದೆ. ಕೆಲವರು ಬರೆಯುವ ‘ಘನೀಕರಣ’ ಹಬೆಯನ್ನು ಮಂಜುಗಡ್ಡೆಯಾಗಿಸಿಬಿಡುತ್ತದೆ. ‘ದ್ರವೀಕರಣ’ ಸರಿಯೆನಿಸಿದರೂ ಅನಿಲಗಳನ್ನು ದ್ರವವಾಗಿಸುವ ಕ್ರಿಯೆಗೆ ಈಗಾಗಲೇ ಮೀಸಲಾಗಿದೆ. ಭಟ್ಟಿ ಇಳಿಸುವುದನ್ನು ನೆನೆದು ‘ಹಬೆ ಇಳಿಸುವ ನೀರು’ ಎನ್ನಬಹುದೇ? ಕೈಗಾದಲ್ಲೋ ಮಲ್ಲಾಪುರದ ವಸತಿ ಪ್ರದೇಶದಲ್ಲೋ ಇರುವ ಕನ್ನಡಿಗರು ಕದ್ರಾದಿಂದ ಬರುವ ಈ ನೀರನ್ನು ತಮ್ಮ ದಿನದ ಮಾತಿನಲ್ಲಿ ಏನೆಂದು ಕರೆಯುತ್ತಾರೆ ಎಂಬುದನ್ನು ತಿಳಿಸಿದರೆ, ನಾವು ಹೊಸದಾಗಿ ಕಟ್ಟುವ ಪದಕ್ಕಿಂತ ಅದನ್ನೇ ಬರಹಕ್ಕೆ ತರಲು ನಾನು ಸಿದ್ಧ.